ಬಿದ್ದವನ ಕಡೆಗೆ

ಆಟಗಾರ ಬಿದ್ದ. ಪ್ರಭಾಕರ ಕುರ್ಚಿಯ ತುದಿಗೆ ಸರಿದ.

ಬಾಗಿಲ ಸಂದಿಯಿಂದ ಹೆಂಡತಿ ದಾಕ್ಷಾಯಣಿ ನೋಡಿದಳು. ಲ್ಯಾಪ್‌ಟಾಪಿನಲ್ಲಿ ಅರ್ಮೇನಿಯಾದ ಫುಟ್‌ಬಾಲ್ ಲೀಗ್. ಆ ದೇಶಕ್ಕೆ ಅದೇ ದೊಡ್ಡ ಲೀಗ್ ಇರಬಹುದು. ತಾವಿದ್ದ ಎಜ್‌ಬಾಸ್ಟನ್ನಿನಲ್ಲಿ ಅದನ್ನು ನೋಡುವ ಇನ್ನೊಬ್ಬನಿರಲಾರ. ಆಗಸ್ಟಿನಲ್ಲಿ ಶುರುವಾದ ಗೀಳು ಮೇ ತಿಂಗಳಿಗೆ ಬಂದಿತ್ತು. ನೋಡುವುದೂ ಒಂದೇ ತಂಡವನ್ನು, ಅಂಕಪಟ್ಟಿಯ ತಳದಲ್ಲಿದ್ದ ನೀಲಿ ಅಂಗಿಯವರನ್ನು. ಅವರು ಗೋಲು ಹೊಡೆದರೂ ಅವನು ಚಹಾ ಕುಡಿಯುತ್ತಲೇ ಇರುತ್ತಿದ್ದ. ಸೋತರೂ ಅಷ್ಟೇ. ಅವರಲ್ಲೊಬ್ಬ ಬಿದ್ದಾಗ ಮಾತ್ರ ಕಣ್ಣಿಗೆ ಜೀವ ಬರುತ್ತಿತ್ತು.

ಮೂಳೆ ಕೂಡಿಸುವ ಡಾಕ್ಟರಾದವನು ಯಾರಾದರೂ ಬೀಳಲಿ ಎಂದು ಕಾಯುತ್ತಿದ್ದ.

"ಬೆಟ್ಟಿಂಗೇ ಅಕ್ಕಾ, ಡೌಟೇ ಬೇಡ," ಎಂದಳು ಅಡುಗೆಮನೆಯಲ್ಲಿ ಪಕ್ಕದ ಮನೆಯ ವಾಜಿದಾ. "ಯಾರೂ ನೋಡದಿರೋ ಲೀಗ್ ಮೇಲೇ ಬಾಜಿ ಕಟ್ಟೋದು ಇವ್ರೆಲ್ಲ. ಯಾರು ಬೀಳ್ತಾರೆ ಅಂತಾನೂ ಕಟ್ತಾರಂತೆ. ನಮ್ಮ ಮನೆಯವ್ರ ಜೊತೆ ಕೆಲಸ ಮಾಡೋರೊಬ್ರು ಮನೇನೇ ಕಳ್ಕೊಂಡ್ರು."

"ಮನೆ ಇಬ್ಬರ ಹೆಸರಲ್ಲೂ ಇದೆ."

"ಅವ್ರದ್ದೂ ಹಾಗೇ ಇತ್ತಕ್ಕಾ." ವಾಜಿದಾ ದನಿ ತಗ್ಗಿಸಿದಳು. "ಅನೀಶ್ ಹೋದಾಗಿಂದ ಭಾಯಿಸಾಬ್ ಹೀಗಾಗಿದ್ದು, ಅಲ್ವಾ?"

ಆ ಹೆಸರಿಗೆ ಈಗ ದಾಕ್ಷಾಯಣಿಯ ಎದೆಯಲ್ಲಿ ಏನೂ ಆಗುತ್ತಿರಲಿಲ್ಲ. ಚುಚ್ಚುಮದ್ದು ಕೊಟ್ಟ ವಸಡಿನಂತೆ.

ಒಬ್ಬನೇ ಮಗ. ಅಪ್ಪನಂತೆ ಡಾಕ್ಟರಾಗದೆ ಫಿಸಿಯೋ ಆದವನು. ಈಗ ಹಾಲ್‌ನ ಗೋಡೆಯ ಮೇಲೆ, ಗಂಧದ ಹಾರದೊಳಗಿದ್ದ. ಅವನು ಮೆಚ್ಚಿದವಳು ಲೀಡ್ಸಿನ ನರ್ಸು, ಕೋಲಾರದ ಕಡೆಯವಳು. ಆಸ್ಪತ್ರೆಯಲ್ಲಿ ಯಾರ ರಕ್ತಕ್ಕಾದರೂ ಕೈಯಿಡುವ ಪ್ರಭಾಕರ ಅವಳ ಅಪ್ಪನ ಜಾತಿ ಕೇಳಿದ. ಕೇಳಿ, ತಟ್ಟೆ ಬಿಟ್ಟು ಎದ್ದ. ಜಾತಿಗೆ ವೀಸಾ ಬೇಕಿಲ್ಲ. ಅದು ಮೊದಲ ವಿಮಾನದಲ್ಲೇ ಬಂದಿಳಿದಿರುತ್ತದೆ.

ಮುಂದಿನ ಭಾನುವಾರ ಹಿತ್ತಿಲಲ್ಲಿ, ಕೌನ್ಸಿಲ್‌ನ ಕಸದ ಡಬ್ಬಿಗಳ ಪಕ್ಕ, ಅಪ್ಪ ಮಗನಿಗೆ ಎಳ್ಳುನೀರು ಬಿಟ್ಟ. ಕರೆಸಿದ್ದ ಪುರೋಹಿತರು ಬಾಗಿಲಲ್ಲೇ ವಿಷಯ ಕೇಳಿ, ತಮ್ಮಿಂದಾಗದೆಂದು ಕಾರು ತಿರುಗಿಸಿದ್ದರು. ಮಂತ್ರವನ್ನು ಅವನೇ ಹೇಳಿಕೊಂಡ. ಆಮೇಲೆ ಹೆಂಡತಿಯ ಫೋನು ಇಸಿದುಕೊಂಡು ಅನೀಶನ ನಂಬರು ಅಳಿಸಿದ. ಮನೆಗೆ ಬಂದ ಕನ್ನಡದ ಗೆಳೆಯರು ಹಾರ ನೋಡಿ ತಲೆ ತಗ್ಗಿಸಿದರು, ಏನೂ ಕೇಳಲಿಲ್ಲ. ಉಪ್ಪಿಟ್ಟು ತಿಂದು ಹೋದರು.

ಮಗನನ್ನು ನುಂಗಿದ ಮನೆ. ಈಗ ಅದೂ ಹೋಗುವುದಾದರೆ, ಅವಳಿಗೆ ಗೊತ್ತಾಗಬೇಕಿತ್ತು.

ವಾಜಿದಾ ಹೋದ ಮೇಲೆ ಅವಳು ಪ್ರಭಾಕರನ ಕೋಣೆಯ ಬಾಗಿಲು ತಳ್ಳಿದಳು.

"ರೀ, ಮನೇನೂ ಕಟ್ಟಿದ್ದೀರಾ ಬಾಜಿಗೆ?"

"ಕೊನೇ ಮ್ಯಾಚು," ಎಂದ ಪ್ರಭಾಕರ, ತಿರುಗದೆ. "ಇವತ್ತಿಗೆ ಸೀಸನ್ ಮುಗಿಯತ್ತೆ. ಆಮೇಲೆ ಏನ್ ಬೇಕಾದ್ರೂ ಕೇಳು."

"ಯಾರ ಮೇಲೆ ಕಟ್ಟಿದ್ದೀರಿ?"

"ಯಾರೂ ಬೀಳ್ತಾನೇ ಇಲ್ಲ ಇವತ್ತು."

"ಥೂ! ಡಾಕ್ಟರ ಬಾಯಲ್ಲಿ ಬರೋ ಮಾತೇನ್ರೀ ಇದು? ಅವರಿಗೂ ಹೆತ್ತೋರು ಇರಲ್ವಾ?"

ಅವನು ಮೊದಲ ಬಾರಿ ಅವಳ ಮುಖ ನೋಡಿದ. ದಾಕ್ಷಾಯಣಿ ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದಳು.

ಪರದೆಯ ಮೇಲೆ ನೀಲಿ ಅಂಗಿಯವನೊಬ್ಬ ಮೊಣಕಾಲು ಹಿಡಿದುಕೊಂಡು ಉರುಳಿದ.

ಪ್ರಭಾಕರ ಅವಳ ಮಣಿಕಟ್ಟು ಹಿಡಿದ. "ಒಂದ್ನಿಮಿಷ ಕಣೇ. ನೋಡು. ಈಗ ಓಡಿ ಬರ್ತಾನೆ."

ಮೈದಾನದ ಅಂಚಿನಿಂದ ಚೀಲ ಹಿಡಿದವನೊಬ್ಬ ಓಡಿ ಬಂದು, ಬಿದ್ದವನ ಪಕ್ಕ ಮೊಣಕಾಲೂರಿ, ಕ್ಯಾಮೆರಾದತ್ತ ತಲೆ ಎತ್ತಿದ: ಗಂಧದ ಹಾರದೊಳಗಿನ ಅದೇ ಮುಖ, ಗಡ್ಡ ಮಾತ್ರ ಹೊಸದು.