ಎರಡು ಉದ್ದ, ಒಂದು ಗಿಡ್ಡ

ಸಿಗ್ರೂನ್ ಹುಟ್ಟಿದ ಮನೆಯಲ್ಲಿ ಈಗ ಉಳಿದಿರುವುದು ಮೂರು ಸಿಮೆಂಟ್ ಮೆಟ್ಟಿಲು ಮಾತ್ರ. ಹತ್ತಿದರೆ ನೇರ ಗೋಧಿ ಹೊಲಕ್ಕೆ ಬೀಳಬೇಕು. ಆ ಮೆಟ್ಟಿಲ ಮೇಲೆ ಅವಳ ಪಕ್ಕ ಕೂತು ಆರ್ವಿಡ್, ಎಪ್ಪತ್ತೈದರ ಬ್ರಹ್ಮಚಾರಿ, ಎಂದೋ ತೀರಿಹೋದ ಟೋಲೆಫ್ಸನ್ ಅಮ್ಮನ ಪಂಜರದ ಹಕ್ಕಿಯಂತೆ ಚಿಲಿಪಿಲಿಗುಟ್ಟಿದ.

ಪ್ರತಿ ಜುಲೈನಲ್ಲಿ, ಈಗ ಯಾರೂ ವಾಸವಿಲ್ಲದ ಈ ಬ್ರೆನ್ನಾ ಊರಿನವರೆಲ್ಲ ಎಲ್ಲೆಲ್ಲಿಂದಲೋ ಬಂದು ಇಲ್ಲಿನ ಸ್ಮಶಾನದ ಹುಲ್ಲು ಕತ್ತರಿಸುವುದು ರೂಢಿ. ಒಂದು ಕಾಲಕ್ಕೆ ನಲವತ್ತು ಜನ. ಈ ವರ್ಷ ಇಬ್ಬರೇ. ಕೆಲಸ ಮುಗಿಸಿ, ಫ್ಲಾಸ್ಕಿನ ಕಾಫಿ, ಅವಳು ಸುತ್ತಿ ತಂದ ಆಲೂಗಡ್ಡೆ ರೊಟ್ಟಿ.

ಇವರಿಬ್ಬರ ಹರೆಯದಲ್ಲಿ ಇಲ್ಲಿ ಒಂಬತ್ತು ಮನೆಗೆ ಒಂದೇ ಫೋನ್ ತಂತಿ. ಯಾರಿಗೆ ಕರೆ ಬಂದರೂ ಎಲ್ಲರ ಮನೆಯಲ್ಲೂ ಗಂಟೆ. ಕರೆ ಯಾರಿಗೆಂದು ತಿಳಿಯಲು ಮನೆಗೊಂದು ಗುರುತು; ಸಿಗ್ರೂನ್ ಮನೆಯದು ಎರಡು ಉದ್ದ ಗಂಟೆ, ಒಂದು ಗಿಡ್ಡ. ಮಿಕ್ಕವರು ಸದ್ದಿಲ್ಲದೆ ರಿಸೀವರ್ ಎತ್ತಿ ಕಿವಿಗೊಡುತ್ತಿದ್ದರು. ಸದ್ದಿಲ್ಲವೆಂದು ಅವರ ನಂಬಿಕೆ. ಎತ್ತಿದಾಗೆಲ್ಲ ತಂತಿಯಲ್ಲಿ ಒಂದು ‘ಟಕ್’. ಆಮೇಲೆ ಹಕ್ಕಿ ಕೂಗಿದರೆ ಟೋಲೆಫ್ಸನ್ ಅಮ್ಮ, ಗೊರಗೊರ ಉಸಿರಾದರೆ ನಿಲ್ಸ್, ಗೋಡೆ ಗಡಿಯಾರ ಕೇಳಿದರೆ ಪಾದ್ರಿಯ ಹೆಂಡತಿ. ಆರ್ವಿಡ್ ಒಬ್ಬೊಬ್ಬರನ್ನೂ ಮಾಡಿ ತೋರಿಸಿದ. ಸಿಗ್ರೂನ್ ಕಾಫಿ ಚೆಲ್ಲುವಷ್ಟು ನಕ್ಕಳು. ನಗು ನಿಂತ ಮೇಲೂ ಕಣ್ಣು ಒರೆಸುತ್ತಲೇ ಇದ್ದಳು.

“ಮುಂದಿನ ವರ್ಷ ನಾನು ಬರೋಕೆ ಒಪ್ಪಿದ್ರೂ ಈ ಮಂಡಿ ಒಪ್ಪಲ್ಲ. ಅದಕ್ಕೇ ಈಗ ಕೇಳ್ತೀನಿ,” ಎಂದಳು. “ಆವತ್ತು ಫೆಬ್ರವರೀಲಿ, ಅಂಥಾ ಹಿಮದಲ್ಲಿ, ನಂಗೆ ಯಾಕೆ ಫೋನ್ ಮಾಡಿದ್ದೆ?”

“ಬೀಜ ತೂರೋ ಯಂತ್ರ ಕೇಳೋಕೆ.”

“ನಿಮ್ಮನೇಲೇ ಎರಡಿತ್ತಲ್ಲೋ.”

ಆರ್ವಿಡ್ ಟೋಪಿ ತೆಗೆದು, ಉತ್ತರ ಅದರೊಳಗೆ ಬರೆದಿದೆಯೇನೋ ಎಂಬಂತೆ ನೋಡಿದ. ಅಂದು ಅವನು ಏಳು ಟಕ್ ಎಣಿಸಿದ್ದನಂತೆ. ತಮ್ಮಿಬ್ಬರ ಮನೆ ಬಿಟ್ಟರೆ ಏಳಕ್ಕೆ ಏಳೂ ಮನೆ. ಬಾಯಿಗೆ ಬಂದ ಮಾತು ಅಲ್ಲೇ ಬೀಜ ತೂರುವ ಯಂತ್ರವಾಗಿಹೋಯಿತು. ಅವಳು ಕೊಯ್ಲು ಮುಗಿಯುವ ತನಕ ಕಾದು, ಪಟ್ಟಣದ ಚಪ್ಪಲಿ ಅಂಗಡಿಯವನನ್ನು ಮದುವೆಯಾದಳು. ಕೆಟ್ಟವನೇನಲ್ಲ. ಅವನು ತೀರಿಹೋಗಿ ಎರಡು ವರ್ಷವಾಯಿತು.

“ಈಗ ತಂತಿಯೂ ಇಲ್ಲ, ಕಂಬವೂ ಇಲ್ಲ. ಹೇಳು.”

ಆರ್ವಿಡ್ ಸುತ್ತ ನೋಡಿದ. ಅಂಚೆ ಕಚೇರಿ ಇದ್ದ ಕಡೆ ಅದರ ಬೇಲಿ ಗಿಡ ಮಾತ್ರ, ಯಾರನ್ನೋ ಕಾಯುವಂತೆ ಚೌಕವಾಗಿ ನಿಂತಿತ್ತು. ಅದರಾಚೆ, ಈಗಷ್ಟೇ ಕತ್ತರಿಸಿದ ಹುಲ್ಲಿನ ನಡುವೆ, ಒಂಬತ್ತೂ ಮನೆಯವರು ಸಾಲಾಗಿ ಮಲಗಿದ್ದರು. ಅವನು ಅವಳ ಕಿವಿಯ ಹತ್ತಿರ ಬಗ್ಗಿ ತುಟಿ ಅಲ್ಲಾಡಿಸಿದ.

“ಏನೂ ಕೇಳಿಸಲ್ಲ. ಯಾಕೆ ಪಿಸುಗುಡ್ತೀಯ?”

ಅವನು ಕಣ್ಣಲ್ಲೇ ಸ್ಮಶಾನದ ಕಡೆ ತೋರಿಸಿದ.

ಸಿಗ್ರೂನ್ ಅತ್ತ ಬಹಳ ಹೊತ್ತು ನೋಡಿದಳು.

“ಜೋರಾಗಿ ಹೇಳು, ಆರ್ವಿಡ್. ಪಾಪ, ಅವರೂ ಇಷ್ಟು ವರ್ಷ ಕಾದಿದಾರೆ.”