ಹನ್ನೊಂದು ಕೆಂಪು ಗೆರೆ

ಹನ್ನೊಂದು ಗೆರೆ ಮುರಿದಿದ್ದವು. ವುಕಾಶಿನ್ ಎರಡು ಸಲ ಎಣಿಸಿದ. ಹನ್ನೊಂದೇ.

ನಿನ್ನೆ ಸಂಜೆ ಬಾಗಿಲು ಮುಚ್ಚುವಾಗ ಒಂದೂ ಮುರಿದಿರಲಿಲ್ಲ. ಆಳೆತ್ತರದ ವಿದ್ಯುತ್ ಪ್ಯಾನೆಲ್ ಪೆಟ್ಟಿಗೆ ಅದು. ಒಳಗೆ ಇನ್ನೂರು ವೈರು, ಒಂದೊಂದನ್ನೂ ಹಿಡಿದ ಒಂದೊಂದು ಸ್ಕ್ರೂ. ಸ್ಕ್ರೂ ಬಿಗಿದ ಮೇಲೆ ಅದರ ತಲೆಯಿಂದ ಮೇಲಿನ ಅಂಚಿನವರೆಗೆ ಬಣ್ಣದ ಒಂದು ಗೆರೆ. ಇದನ್ನು ಬಿಗಿದವನು ನಾನು, ಹೊಣೆ ನನ್ನದು ಎಂದು ಹೇಳುವ ಗೆರೆ. ಆಮೇಲೆ ಯಾರು ತಿರುಗಿಸಿದರೂ ಅದು ಮುರಿಯುತ್ತದೆ. ಈಗ ಅಂಚಿನ ತುಂಡು ಇದ್ದಲ್ಲೇ ಇತ್ತು, ಸ್ಕ್ರೂ ಮೇಲಿನ ತುಂಡು ಬಲಕ್ಕೆ ಜರುಗಿತ್ತು.

"ಯಾರೋ ಕೈ ಹಾಕಿದಾರೆ," ಎಂದು ಗೊಣಗಿದ. "ಯಾರೋ ಏನು ಬಂತು, ಅವನೇ!"

ಚಾಚಕ್ ಊರಿನ ಆ ಕಾರ್ಖಾನೆಯಲ್ಲಿ ಕೆಂಪು ಗೆರೆ ವುಕಾಶಿನ್‌ದು, ನೀಲಿ ಗೆರೆ ಮಿಲಾದಿನ್‌ದು. ಮಿಲಾದಿನ್ ಒಂದು ಕಾಲಕ್ಕೆ ಇವನ ಮದುವೆಗೆ ಸಾಕ್ಷಿ ನಿಂತ ಕೂಮ. ಕೂಮ ಎಂದರೆ ಒಡಹುಟ್ಟಿದವನಿಗಿಂತ ಒಂದು ತೂಕ ಹೆಚ್ಚೇ. ಹನ್ನೆರಡು ವರ್ಷದ ಹಿಂದೆ ಬೇಲಿಯಂಚಿನ ಒಂದು ಪ್ಲಮ್ ಮರಕ್ಕಾಗಿ ಇಬ್ಬರೂ ಮಾತು ಬಿಟ್ಟರು. ಮರ ಒಣಗಿತು, ಜಗಳ ಒಣಗಲಿಲ್ಲ.

ಮಾತು ಬಿಟ್ಟರೆ ಬಿಡಲಿ, ಯಾರಿಗೆ ಬೇಕಾಗಿತ್ತು! ಆದರೆ ಮಾರ್ಚ್ ತಿಂಗಳಲ್ಲಿ ಡೇರಿಗೆ ಕಳಿಸಿದ್ದ ವುಕಾಶಿನ್‌ನ ಪೆಟ್ಟಿಗೆಯೊಂದು ಸುಟ್ಟುಹೋಗಿತ್ತು. ಒಂದು ಸ್ಕ್ರೂ ಸಡಿಲ, ವೈರು ಕಾದು ಬೆಂಕಿ. ಮೂವತ್ತೊಂದು ವರ್ಷದಲ್ಲಿ ಅದೇ ಮೊದಲು. "ಇನ್ನೊಂದು ಸಲ ಹೀಗಾದ್ರೆ ನಿಮ್ಮನ್ನ ಇಟ್ಕೊಳ್ಳೋದು ಕಷ್ಟ, ಮೇಸ್ತ್ರಿ," ಎಂದಿದ್ದರು ಒಡತಿ ದೆಸಾಂಕಾ. ಅವತ್ತಿನಿಂದ ಅವನಿಗೆ ಸರಿಯಾಗಿ ನಿದ್ದೆಯಿಲ್ಲ. ಇವತ್ತಿನ ಪೆಟ್ಟಿಗೆ ಹೋಗಬೇಕಾಗಿದ್ದದ್ದು ಹೆರಿಗೆ ಆಸ್ಪತ್ರೆಗೆ.

ಸ್ಕ್ರೂಗಳನ್ನು ಮುಟ್ಟದೆ ನೇರ ದೆಸಾಂಕಾ ಹತ್ತಿರ ಹೋದ.

"ಸಾಕ್ಷಿ ಹಾಗೇ ಇದೆ ಇಂಜಿನಿಯರಮ್ಮ, ಬಂದು ನೋಡಿ." ಅವನ ಕೈಯಲ್ಲಿದ್ದ ಕಾಫಿ ಬಟ್ಟಲು ತಟ್ಟೆಯ ಮೇಲೆ ಗಡಗಡ ಅಂದಿತು. ಸಿಟ್ಟು ಅಷ್ಟಿತ್ತು.

"ಅವನೇ ಅಂತ ಕಣ್ಣಾರೆ ಕಂಡ್ರಾ?"

"ಇಲ್ಲ."

"ಹಾಗಾದ್ರೆ ಪೆಟ್ಟಿಗೆಗೆ ಬೀಗ ಹಾಕಿಟ್ಕೊಳ್ಳಿ."

"ಎಂಥ ಬೀಗ? ಎಲ್ಲ ಪೆಟ್ಟಿಗೆಗೂ ಒಂದೇ ಕೀಲಿ. ಕಳ್ಳನ ಜೇಬಲ್ಲೂ ಅದೇ, ನನ್ನ ಜೇಬಲ್ಲೂ ಅದೇ!"

ಹತ್ತು ಗಂಟೆಗೆ ಎಲ್ಲರೂ ಬುರೆಕ್ ತಿನ್ನಲು ಅಂಗಳಕ್ಕೆ ಹೋದರು. ವುಕಾಶಿನ್ ಹೋಗಲಿಲ್ಲ. ಪಕ್ಕದಲ್ಲಿದ್ದ ಖಾಲಿ ಪೆಟ್ಟಿಗೆಯೊಳಗೆ ನಿಂತು ಬಾಗಿಲು ಎಳೆದುಕೊಂಡ. ಫ್ಯಾನ್ ಕೂರಿಸಲು ಕೊರೆದಿದ್ದ ತೂತಿಗೆ ಕಣ್ಣಿಟ್ಟ. ಅರವತ್ತರ ಗಂಡಸು, ಕಣ್ಣಾಮುಚ್ಚಾಲೆ ಆಡುವ ಮಗುವಿನ ಹಾಗೆ. ಅವನಿಗೇ ನಾಚಿಕೆಯಾಯಿತು.

ಐದೇ ನಿಮಿಷ. ಮಿಲಾದಿನ್ ಬಂದ. ಆಚೀಚೆ ನೋಡಿದ. ಕೀಲಿ ಹಾಕಿ ಬಾಗಿಲು ತೆಗೆದು ಬಗ್ಗಿದ. ಅವನ ಬೆನ್ನು ಅಡ್ಡವಾಗಿತ್ತು. ಸ್ಕ್ರೂಡ್ರೈವರ್ ಹಿಡಿದ ಕೈಯ ಮೊಣಕೈ ಆಡುವುದಷ್ಟೇ ಕಂಡಿತು.

"ಸಿಕ್ಕಿಬಿದ್ಯಲ್ಲೋ ಕಳ್ಳಾ!"

ವುಕಾಶಿನ್ ತಲೆ ಬಡಿಸಿಕೊಂಡೇ ಹೊರಗೆ ಹಾರಿದ. ಕೂಗಿಗೆ ಎಲ್ಲರೂ ಓಡಿಬಂದರು, ಕೈಯಲ್ಲಿ ಅರ್ಧ ತಿಂದ ಬುರೆಕ್ ಸಮೇತ. ದೆಸಾಂಕಾ ಪೆಟ್ಟಿಗೆ ನೋಡಿದರು, ಮಿಲಾದಿನ್‌ನ ಮುಖ ನೋಡಿದರು.

"ಇನ್ನೊಬ್ಬರ ಸ್ಕ್ರೂ ಮುಟ್ಟಿದ್ರೆ ನಿನ್ನ ಬಣ್ಣದ ಗೆರೆ ಎಳೀಬೇಕು, ಯಾಕೆ ಅಂತ ಪುಸ್ತಕದಲ್ಲಿ ಬರೀಬೇಕು. ಇಲ್ಲಿಯ ಮೊದಲನೇ ಕಟ್ಟಳೆ ಅದು. ನೀಲಿ ಗೆರೆ ಎಲ್ಲಿ?"

ಮಿಲಾದಿನ್‌ನ ಕಣ್ಣು ವುಕಾಶಿನ್‌ನ ಬಲಗೈ ಕಡೆ ಹೋಯಿತು. ಕೈ ಇನ್ನೂ ನಡುಗುತ್ತಿತ್ತು.

"ಬರೆಯೋ ಹಾಗಿರ್ಲಿಲ್ಲ," ಎಂದ.

"ಬರೆಯೋ ಹಾಗೆ ಇರುತ್ತಾ ಕಳ್ಳತನ!" ವುಕಾಶಿನ್ ಚೀರಿದ. "ಕೇಳಿ ಅವನನ್ನ, ಡೇರಿ ಪೆಟ್ಟಿಗೇನೂ ಇವನೇ ಮುಟ್ಟಿದ್ದಾ ಅಂತ ಕೇಳಿ!"

ಮಿಲಾದಿನ್ ದೆಸಾಂಕಾ ಕಡೆಗೇ ತಿರುಗಿ ಹೇಳಿದ. "ಅದನ್ನ ಮುಟ್ಟಿರ್ಲಿಲ್ಲ. ಮುಟ್ಟಬೇಕಾಗಿತ್ತು."

"ಎಲಾ ಇವನ ಕೊಬ್ಬೇ!" ಎಂದರು ಯಾರೋ. ದೆಸಾಂಕಾ ಬೇರೇನೂ ಕೇಳಲಿಲ್ಲ. ಮಧ್ಯಾಹ್ನದೊಳಗೆ ಲೆಕ್ಕ ಚುಕ್ತಾ ಮಾಡಿಕೊಂಡು ಹೋಗು ಎಂದರು.

ಮಿಲಾದಿನ್ ನಿಲುವಂಗಿ ಬಿಚ್ಚಿ ಮೊಳೆಗೆ ತೂಗುಹಾಕಿದ. ಹೋಗುವ ದಾರಿಯಲ್ಲಿ ವುಕಾಶಿನ್‌ನ ಮೇಜಿನ ಮುಂದೆ ನಿಂತು ತನ್ನ ಸ್ಕ್ರೂಡ್ರೈವರ್ ಇಟ್ಟ.

"ನೀನೇ ಇಟ್ಕೋ, ಕೂಮ. ಇನ್ಮೇಲೆ ನಿನಗೆ ಬೇಕಾಗುತ್ತೆ."

ಹನ್ನೆರಡು ವರ್ಷದ ಮೇಲೆ ಆಡಿದ ಮೊದಲ ಮಾತು, ಅದೂ ಕುಟುಕು! ಆದರೂ ವುಕಾಶಿನ್ ಆ ಬೆನ್ನು ಬಾಗಿಲು ದಾಟುವವರೆಗೂ ನೋಡುತ್ತಲೇ ಇದ್ದ. ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಮೂರು ಗಂಟೆಗೆ ಆಸ್ಪತ್ರೆ ಪೆಟ್ಟಿಗೆಯಲ್ಲಿ ಬಾಕಿಯಿದ್ದ ಕೊನೆಯ ಸಾಲಿನ ವೈರುಗಳನ್ನು ಹಾಕಿ ಮುಗಿಸಿದ. ಮೈಯ ಕಸುವೆಲ್ಲ ಹಾಕಿ ಸ್ಕ್ರೂ ಬಿಗಿದ, ಗೆರೆ ಎಳೆದ, ಆರಲು ಬಿಟ್ಟ. ಮೇಜಿನ ಮೇಲಿದ್ದ ಆ ಸ್ಕ್ರೂಡ್ರೈವರ್ ಕಣ್ಣು ಚುಚ್ಚುತ್ತಿತ್ತು. ಬೇಕಾದಷ್ಟು ಬಿಗಿಯಾದ ಕೂಡಲೇ 'ಟಕ್' ಎನ್ನುವ ಹೊಸ ಮಾದರಿಯದು. ಕೈಯಲ್ಲಿ ಬಲ ಇಲ್ಲದೋರಿಗೆ ಮಾಡಿದ್ದು ಎಂದು ವುಕಾಶಿನ್ ಮೊದಲಿನಿಂದಲೂ ಹಂಗಿಸುತ್ತಿದ್ದ. ನೋಡೇಬಿಡೋಣ, ಮುಟ್ಟಿದ ಕೂಡಲೇ ಟಕ್ ಅನ್ನುತ್ತೆ ಎಂದುಕೊಂಡು ಈಗಷ್ಟೇ ತಾನು ಬಿಗಿದಿದ್ದ ಸ್ಕ್ರೂ ಮೇಲೆ ಇಟ್ಟು ತಿರುಗಿಸಿದ.

ಟಕ್ ಅನ್ನಲಿಲ್ಲ. ಎರಡೂ ಕೈ ಹಾಕಿ ಇನ್ನಷ್ಟು ತಿರುಗಿಸಿದ. ಇನ್ನೂ ಇಲ್ಲ. ಕಾಲು ಸುತ್ತು ಹೋದ ಮೇಲೆ ಟಕ್ ಎಂದಿತು.

ಕೆಂಪು ಗೆರೆ ಮುರಿದಿತ್ತು. ಸ್ಕ್ರೂ ಮೇಲಿನ ತುಂಡು ಬಲಕ್ಕೆ ಜರುಗಿತ್ತು, ಬೆಳಗಿನ ಹನ್ನೊಂದೂ ಜರುಗಿದ್ದ ಕಡೆಗೇ.