ಕೊಬ್ಬರಿ ತುಲಾಭಾರ

ಒಂದು ಕಿಲೋ ಮೈ ಇಳಿದರೆ ಒಂದು ಕಿಲೋ ಕೊಬ್ಬರಿ ಉಳಿಯಿತು. ಷಣ್ಮುಖಪ್ಪನಿಗೆ ಅದಕ್ಕಿಂತ ಹೆಚ್ಚಿನ ವೇದಾಂತ ಬೇಕಿರಲಿಲ್ಲ.

ಬೀರೂರಿನ ತನ್ನ ಕೊಬ್ಬರಿ ಮಂಡಿಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಬಟ್ಟೆಯನ್ನೆಲ್ಲ ಕಳಚಿ, ಮೂಟೆ ತೂಗುವ ಯಂತ್ರದ ಮೇಲೆ ನಿಂತಿದ್ದ. ಎಪ್ಪತ್ತು ಕಿಲೋ ನಾನೂರು ಗ್ರಾಂ. ಮೈಮೇಲೆ ಉಳಿದಿದ್ದು ಬೆಳ್ಳಿಯ ಉಡಿದಾರ ಮಾತ್ರ. ಅದನ್ನೂ ಬಿಚ್ಚಿ ಮತ್ತೊಮ್ಮೆ ನಿಂತ. ಮಠದಲ್ಲಿ ತುಲಾಭಾರಕ್ಕೆ ಇನ್ನು ಒಂದೇ ದಿನ ಉಳಿದಿತ್ತು.

ಹದಿನಾಲ್ಕು ತಿಂಗಳ ಹಿಂದೆ ಇದೇ ಮನುಷ್ಯ ನೂರಾ ಹನ್ನೆರಡು ಕಿಲೋ ತೂಗುತ್ತಿದ್ದ. ಎರಡು ಮೆಟ್ಟಿಲು ಹತ್ತಿದರೆ ತಿದಿಯೊತ್ತಿದಂತೆ ಏದುಸಿರು. ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಗಲ್ಲಾದ ಮೇಲೆಯೇ ಕುಸಿದ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಆರು ದಿನ ಇಟ್ಟುಕೊಂಡು ಬದುಕಿಸಿದರು. ಮನೆಗೆ ಕಳಿಸುವಾಗ ಡಾಕ್ಟರು ಮುಖ ಮುಲಾಜಿಲ್ಲದೆ ಹೇಳಿದರು: ನಲವತ್ತು ಕಿಲೋ ಇಳಿಸದಿದ್ದರೆ ಇನ್ನೊಮ್ಮೆ ಬರುವ ಕಷ್ಟ ತೆಗೆದುಕೊಳ್ಳಬೇಡಿ.

ಹೆಂಡತಿ ಮಲ್ಲಿಕಾಂಬ ಅಳುತ್ತಾ ಕಾರು ಹತ್ತಿದಳು. ಇವನು ತರೀಕೆರೆಯಲ್ಲಿ ಕಾರು ನಿಲ್ಲಿಸಿ ಎರಡು ಬೆಣ್ಣೆದೋಸೆ ತಿಂದ.

"ಡಾಕ್ಟ್ರಿಗೇನೇ, ಹೇಳ್ತಾರೆ. ಹಸ್ಕೊಂಡಿರೋನು ನಾನು ತಾನೇ?" ಎಂದು ಕೈ ತೊಳೆದ.

ಮಾರನೆಯ ಬೆಳಿಗ್ಗೆ ಮಲ್ಲಿಕಾಂಬ ಕಾಫಿ ಲೋಟ ಮುಂದಿಟ್ಟು ಮೆಲ್ಲಗೆ ಹೇಳಿದಳು: "ಆಸ್ಪತ್ರೇಲಿ ಇದ್ದಾಗ ನಮ್ಮ ಮಠಕ್ಕೆ ಹರಕೆ ಹೊತ್ಕೊಂಡ್ಬಿಟ್ಟೆ ಕಣ್ರೀ. ನೀವು ಉಳ್ಕೊಂಡ್ರೆ ಕೊಬ್ಬರಿ ತುಲಾಭಾರ ಮಾಡಿಸ್ತೀನಿ ಅಂತ."

ಷಣ್ಮುಖಪ್ಪ ಎತ್ತಿದ ಲೋಟ ಕೆಳಗಿಟ್ಟ. "ನೂರಾ ಹನ್ನೆರಡು ಕಿಲೋ ಕೊಬ್ಬರೀನಾ? ಈಗ ರೇಟು ಎಷ್ಟು ಗೊತ್ತೇನೇ ನಿಂಗೆ?"

ಮಲ್ಲಿಕಾಂಬ ಹಾಲು ಉಕ್ಕುತ್ತದೆಂದು ಒಳಗೆ ಹೋದಳು.

ಹರಕೆ ತಪ್ಪಿಸುವ ಧೈರ್ಯ ಅವನಿಗಿರಲಿಲ್ಲ. ಕೊಡುವ ಮನಸ್ಸಂತೂ ಮೊದಲೇ ಇಲ್ಲ. ಅಜ್ಜಂಪುರದ ಹಾದಿಯಲ್ಲಿದ್ದ ಆ ಮಠಕ್ಕೆ ಅವನ ಅಪ್ಪ ವರ್ಷಕ್ಕೆರಡು ಸಲ ಹೋಗುತ್ತಿದ್ದ. ಇವನು ಬುದ್ಧಿ ಬಂದ ಮೇಲೆ ಹೊಸಿಲು ತುಳಿದವನಲ್ಲ. ಮಠದವರು ದಾಸೋಹಕ್ಕೆ ಕಾಣಿಕೆ ಕೇಳಲು ಬಂದರೆ ಮೂಟೆಗಳ ಹಿಂದೆ ಅಡಗಿ ಕೂತು, ಯಜಮಾನರು ಊರಲ್ಲಿಲ್ಲ ಎಂದು ಹಮಾಲಿಯ ಕೈಲಿ ಹೇಳಿಸುತ್ತಿದ್ದ. ಅಂಥ ತಲೆಗೆ ಆವತ್ತು ಒಂದು ಉಪಾಯ ಹೊಳೆಯಿತು. ಹರಕೆಗೆ ಇಂಥದೇ ದಿನ ಅಂತಿಲ್ಲವಲ್ಲ!

ಅಲ್ಲಿಂದ ಶುರುವಾಯಿತು ತಪಸ್ಸು. ಬೆಳಿಗ್ಗೆ ಐದಕ್ಕೆ ಎದ್ದು ಕಡೂರಿನವರೆಗೆ ನಡಿಗೆ; ವಾಪಸ್ಸೂ ನಡಿಗೆಯೇ, ಬಸ್ ಚಾರ್ಜೂ ಉಳಿಯಿತು. ಮಧ್ಯಾಹ್ನ ಅರ್ಧ ಮುದ್ದೆ, ಸೊಪ್ಪಿನ ಸಾರು. ರಾತ್ರಿ ಮಜ್ಜಿಗೆ, ಒಂದು ಸೌತೆಕಾಯಿ. ಹಮಾಲಿಗಳನ್ನು ಸರಿಸಿ ತಾನೇ ಮೂಟೆ ಹೊತ್ತ. ಹೋಳಿಗೆ ಮಾಡಿದ ದಿನ ಮೂಗು ಮುಚ್ಚಿಕೊಂಡು ಜಗಲಿಯಲ್ಲಿ ಕೂತ.

ಹೆಂಡತಿಗೊಂದು ಅಪ್ಪಣೆ ಬೇರೆ. "ನನ್ನ ಪಾಲಿಂದು ದಂಡ ಮಾಡ್ಬೇಡ. ಚೆಲ್ಲೋ ಬದ್ಲು ನೀನೇ ತಿನ್ನು."

"ಆಯ್ತು ಬಿಡಿ," ಎಂದು ಅವಳು ತಿಂದಳು.

ತೂಕ ನೂರಕ್ಕಿಳಿದಾಗ ಆಷಾಢ ಬೇಡವೆಂದ. ತೊಂಬತ್ತಕ್ಕಿಳಿದಾಗ ಧನುರ್ಮಾಸ ಕಳೆಯಲಿ ಎಂದ. ಆಮೇಲೆ ತನಗೆ ಚಂದ್ರಬಲ ಇಲ್ಲವೆಂದ. ದೇವರ ಕೆಲಸ ಮುಂದೆ ಹಾಕಬಾರದೆಂದು ಮಲ್ಲಿಕಾಂಬ ಒಮ್ಮೆಯೂ ಗೊಣಗಲಿಲ್ಲ. "ನಿಮಗೆ ಯಾವಾಗ ಅನುಕೂಲವೋ ಆವಾಗ," ಎನ್ನುತ್ತಿದ್ದಳು. ಪುಣ್ಯಾತ್ಗಿತ್ತಿಗೆ ಈಗಲಾದರೂ ವ್ಯವಹಾರ ತಿಳಿಯಿತಲ್ಲ ಎಂದು ಇವನು ಹಿಗ್ಗಿದ.

ಊರು ಬೆಪ್ಪಾಗಿ ಹೊಗಳಿತು. ಕಡೂರಿನ ನಡಿಗೆ ಗೆಳೆಯರ ಬಳಗದ ರುದ್ರಮೂರ್ತಿ ಮೇಷ್ಟ್ರು ಇವನನ್ನು ವೇದಿಕೆಗೆ ಹತ್ತಿಸಿ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟರು. "ಮನಸ್ಸು ಗಟ್ಟಿ ಇರ್ಬೇಕು ಕಣ್ರಪ್ಪಾ. ಆಸೆ ಗೆಲ್ಬೇಕು," ಎಂದು ಈ ಮಹಾನುಭಾವ ಭಾಷಣ ಬಿಗಿದ. ಜನ ಚಪ್ಪಾಳೆ ತಟ್ಟಿದರು. ಹಣ್ಣಿನ ಬುಟ್ಟಿ ಅದೇ ಸಂಜೆ ಬಸ್ ಸ್ಟ್ಯಾಂಡಿನ ಹಣ್ಣಿನಂಗಡಿಗೆ ಅರ್ಧ ರೇಟಿಗೆ ಹೋಯಿತು.

ತುಲಾಭಾರದ ದಿನ ಬೆಳಿಗ್ಗೆ ಹನಿ ನೀರೂ ಕುಡಿಯಲಿಲ್ಲ. ಎರಡು ಮೂಟೆಗಳಲ್ಲಿ ಸರಿಯಾಗಿ ಎಪ್ಪತ್ತು ಕಿಲೋ ಕೊಬ್ಬರಿ ತೂಗಿ ಆಟೋಗೆ ಹಾಕಿಸಿದ. ನಲವತ್ತೆರಡು ಕಿಲೋ ಗೆದ್ದ ಖುಷಿಗೆ ದಾರಿಯುದ್ದಕ್ಕೂ ಮೀಸೆಯಡಿ ನಗುತ್ತಿದ್ದ.

ಮಠದ ಪ್ರಾಂಗಣದಲ್ಲಿ ದೊಡ್ಡ ತಕ್ಕಡಿ ತೂಗುಬಿಟ್ಟಿದ್ದರು. ಸ್ವಾಮಿಗಳು ಗದ್ದುಗೆಯ ಮೇಲೆ ಕೂತಿದ್ದರು. ಷಣ್ಮುಖಪ್ಪ ಅಡ್ಡಬಿದ್ದು ಎದ್ದು, ಪಂಚೆ ಎತ್ತಿಕಟ್ಟಿ, ತಟ್ಟೆಯ ಮೇಲೆ ಒಂದು ಕಾಲಿಟ್ಟ.

"ನೀನ್ಯಾಕಪ್ಪಾ ಹತ್ತೀಯ?" ಎಂದರು ಸ್ವಾಮಿಗಳು. "ಹರಕೆ ಹೊತ್ತೋಳು ಆ ತಾಯಿ. ಇಲ್ಲಿ ಹರಕೆ ಯಾರ ಹೆಸರಲ್ಲೇ ಇರ್ಲಿ, ಹೊತ್ತೋರೇ ಕೂರ್ಬೇಕು. ನಿಮ್ಮಪ್ಪ ನಿನಗೋಸ್ಕರ ಎಷ್ಟು ಸಲ ಕೂತಿದ್ದ! ನಿಂಗೊತ್ತಿಲ್ವೆ?"

ಷಣ್ಮುಖಪ್ಪನ ಕಾಲು ತಟ್ಟೆಯ ಮೇಲೆಯೇ ಉಳಿಯಿತು. ಮಲ್ಲಿಕಾಂಬ ಅವನನ್ನು ಮೆತ್ತಗೆ ಪಕ್ಕಕ್ಕೆ ಸರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಟ್ಟೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಎರಡು ಮೂಟೆಯನ್ನೂ ಇನ್ನೊಂದು ತಟ್ಟೆಗೆ ಏರಿಸಿದರು. ಹದಿನಾಲ್ಕು ತಿಂಗಳು ಇಬ್ಬರ ಊಟ ಉಂಡ ಹೆಂಗಸು ನೆಲ ಬಿಟ್ಟು ಒಂದಂಗುಲವೂ ಏಳಲಿಲ್ಲ.

"ಇನ್ನೂ ಒಂದು ಮೂಟೆ ತರಿಸ್ಬೇಕಾಗ್ತದೆ," ಎಂದರು ಮಠದವರು.

ಷಣ್ಮುಖಪ್ಪ ಅವಳ ಕಿವಿಯ ಹತ್ತಿರ ಬಗ್ಗಿ ಹಲ್ಲು ಕಡಿದ. "ಲೇ, ನಿಂಗೆ ಇದು ಮೊದ್ಲೇ ಗೊತ್ತಿತ್ತೇನೇ?"

"ಗೊತ್ತಿಲ್ದೆ ಏನು? ಜೀವ ಉಳೀಲಿ, ಮೈ ಇಳಿಸಿ ಅಂತ ಡಾಕ್ಟ್ರೂ ನಾನೂ ಬಡ್ಕೊಂಡಾಗ ಕಿವಿಗೆ ಹಾಕ್ಕೊಂಡ್ರಾ? ಕೊಬ್ಬರಿ ಉಳೀತದೆ ಅಂದ್ಕೊಂಡ್ಮೇಲೆ ನೋಡಿ, ಇಳಿಸಿದ್ರಿ."